ಹೆದೆ ಇಳಿಸಿದ ಮೇಲಿನ ಕೆಲಸ

ದೈಹಿಕ ಶಿಕ್ಷಕರಾಗಿ ಈಗಷ್ಟೇ ಸೇರಿದವರು ಸಿಕ್ಕಾಗಲೆಲ್ಲ ನನ್ನನ್ನು ಕೇಳುವುದು ಒಂದೇ ಮಾತು: "ಮೇಡಂ, ನಿಮ್ಮ ಸರ್ವಿಸಿನಲ್ಲಿ ಎಷ್ಟು ಮಕ್ಕಳು ರಾಜ್ಯಮಟ್ಟಕ್ಕೆ ಹೋದರು?" ಪಂದ್ಯಗಳೆಲ್ಲ ಮುಗಿದು, ಪರೀಕ್ಷೆ ಬಂದು, ಬೇಸಿಗೆ ರಜೆ ಕೊಟ್ಟು, ಮೈದಾನದಲ್ಲಿ ದನ ಮೇಯತೊಡಗಿದ ಮೇಲೆ ನೀವೇನು ಮಾಡುತ್ತಿದ್ದಿರಿ ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ನಮ್ಮ ಕೆಲಸದಲ್ಲಿ ಮಕ್ಕಳಿಗೆ ಅಪಾಯ ತರುವ ತಪ್ಪುಗಳು ಹುಟ್ಟುವುದು ಹೆಚ್ಚಾಗಿ ಆ ತಿಂಗಳುಗಳಲ್ಲೇ. ಹಾಗಾಗಿ ಬಡ್ತಿ, ಸನ್ಮಾನ, ಶಾಲುಗಳ ವಿಷಯ ಇಲ್ಲಿ ಸಿಗುವುದಿಲ್ಲ. ಒಂದು ಬೇಟೆಯ ಬಿಲ್ಲನ್ನು ನಾನು ವರ್ಷವರ್ಷವೂ ಹೇಗೆ ಕಾಪಾಡಿದೆ, ಕೊನೆಗೆ ಅದಕ್ಕೆ ಏನು ಮಾಡಿದೆ ಎನ್ನುವುದನ್ನು ಹೇಳುತ್ತೇನೆ.

ನಾನು ಕೆಲಸ ಮಾಡಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಹಂದನಕೆರೆಯಿಂದ ಆಚೆಗಿರುವ ಒಂದು ಪ್ರೌಢಶಾಲೆಯಲ್ಲಿ. ಊರಿನ ಹೆಸರು ಬೇಡ. ಮನೆ ಹೊನ್ನವಳ್ಳಿಯಲ್ಲಿ. ಮೊದಮೊದಲು ಬಸ್ಸು ಹಿಡಿದು, ಆಮೇಲೆ ಸ್ಕೂಟರಿನಲ್ಲಿ ಓಡಾಡಿದೆ. ತರಬೇತಿಯ ದಿನಗಳಲ್ಲಿ ಸ್ವಲ್ಪ ಬಿಲ್ಲುಗಾರಿಕೆ ಕಲಿತಿದ್ದೆ. ಬಿದಿರಿನ ಬಿಲ್ಲುಗಳನ್ನು ತರಿಸಿ ಮಕ್ಕಳಿಗೆ ಕಲಿಸತೊಡಗಿದೆ. ಕೊಕ್ಕೊ, ಕಬಡ್ಡಿ ಬಿಟ್ಟು ಇದೇನಿದು ಎಂದು ಊರಿನವರು ಕಾಂಪೌಂಡಿನ ಆಚೆ ನಿಂತು ನೋಡುತ್ತಿದ್ದರು.

ಒಮ್ಮೆ ತುರುವೇಕೆರೆಯಲ್ಲಿ ನಡೆದ ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬಿಳಿ ಪಂಚೆ ಉಟ್ಟ, ಎತ್ತರದ ಮುದುಕರೊಬ್ಬರು ಬೆಳಿಗ್ಗೆಯಿಂದ ನಮ್ಮ ಮಕ್ಕಳನ್ನೇ ನೋಡುತ್ತ ಕುಳಿತಿದ್ದರು. ಮಧ್ಯಾಹ್ನ ನನ್ನ ಹತ್ತಿರ ಬಂದರು.

"ಈ ಬಿದಿರು ಬಿಲ್ಲಲ್ಲೇ ಇಷ್ಟು ಚೆನ್ನಾಗಿ ಹೊಡೆಸ್ತೀಯಲ್ಲಮ್ಮ. ನನ್ ಮನೇಲೊಂದು ಬಿಲ್ಲೈತೆ. ಬಂದು ನೋಡು."

ಅವರು ನಂಜಪ್ಪನವರು. ಮಾಯಸಂದ್ರದ ಹತ್ತಿರ ತೆಂಗಿನ ತೋಟ. ಹರೆಯದಲ್ಲಿ ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ತೋಟದ ಬಿಳಿಯ ದೊರೆ ಊರು ಬಿಟ್ಟು ಹೋಗುವಾಗ ತನ್ನ ಹೆಂಡತಿಯ ಬಿಲ್ಲನ್ನು ಇವರಿಗೆ ಕೊಟ್ಟು ಹೋಗಿದ್ದನಂತೆ. ದೊರೆಸಾನಿ ಅದರಲ್ಲಿ ಕಾಡುಹಂದಿ ಹೊಡೆಯುತ್ತಿದ್ದಳಂತೆ. ಆಮೇಲೆ ಬೇಟೆಯಾಡಬಾರದೆಂದು ಕಾಯ್ದೆ ಬಂತು. ನಂಜಪ್ಪನವರು ಅದರಿಂದ ಒಂದು ಅಳಿಲನ್ನೂ ಹೊಡೆದವರಲ್ಲ. ಆದರೆ ನಲವತ್ತು ವರ್ಷದ ಹಳೆಯ ಬಿಲ್ಲು ಅವರ ಮನೆಯಲ್ಲಿ ನಿನ್ನೆ ಮಾಡಿದಂತೆ ಇತ್ತು. ಮರದ ತೆಳ್ಳನೆಯ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ, ಮೇಲೂ ಕೆಳಗೂ ಫೈಬರ್‌ಗ್ಲಾಸ್ ಎನ್ನುವ ಗಾಜಿನ ನಾರಿನ ಹೊದಿಕೆ ಕೊಟ್ಟು ಮಾಡಿದ್ದು. ನಡುವೆ ಚರ್ಮ ಸುತ್ತಿದ ಹಿಡಿ. ಹೆಂಗಸಿಗೆಂದು ಮಾಡಿದ್ದರಿಂದ ಎಳೆಯಲು ತೀರ ಬಿಗಿಯಿರಲಿಲ್ಲ, ಆದರೆ ಬಾಣ ಹೊರಟರೆ ನಮ್ಮ ಬಿದಿರಿನ ಬಿಲ್ಲುಗಳು ಕನಸಿನಲ್ಲೂ ಕಾಣದ ವೇಗ.

ಅವರು ಅದನ್ನು ನಮ್ಮ ಶಾಲೆಗೆ ದಾನ ಕೊಟ್ಟರು, ಆದರೆ ಸುಮ್ಮನೆ ಕೊಡಲಿಲ್ಲ. ಅಂಗಳದಲ್ಲಿ ನಿಲ್ಲಿಸಿ ಪಾಠ ಮಾಡಿದರು. ಹೆದೆ ಏರಿಸಲು, ಇಳಿಸಲು ಒಂದು ಹಗ್ಗವಿತ್ತು. ಅದರ ಎರಡು ತುದಿಗಳನ್ನು ಬಿಲ್ಲಿನ ಎರಡು ತೋಳುಗಳ ತುದಿಗೆ ಹಾಕಿ, ನಡುವೆ ಕಾಲಿಟ್ಟು ತುಳಿದು, ಹಿಡಿಯನ್ನು ಮೇಲಕ್ಕೆಳೆದರೆ ಬಿಲ್ಲು ಎರಡೂ ಕಡೆ ಸಮನಾಗಿ ಬಾಗುತ್ತದೆ. ಆಗ ಹೆದೆಯನ್ನು ತೆಗೆಯಬಹುದು. ನಾನು ತೊಡೆಗೆ ಆನಿಸಿ ಬಗ್ಗಿಸಲು ಹೋದಾಗ ಕೈ ಮೇಲೆ ಚಟ್ಟನೆ ಒಂದು ಏಟು ಬಿತ್ತು.

"ಹಂಗೆ ಮಾಡಿದ್ರೆ ತೋಳು ತಿರುಚ್ಕೊಂತದೆ. ಹೆದೆ ಏರ್ಸಿದ ಬಿಲ್ಲು ಗೋಡೆ ಮೇಲಿದ್ರೂ ಕೆಲಸ ಮಾಡ್ತಾನೇ ಇರ್ತದೆ ಕಣಮ್ಮ. ಹೊಡೆಯೋ ಕಾಲ ಮುಗೀತು ಅಂದ್ರೆ ಮೊದ್ಲು ಹೆದೆ ಇಳಿಸು. ಒರ್ಸು. ಹೆದೆಗೆ ಜೇನುಮೇಣ ಉಜ್ಜು. ಎರಡು ಗೂಟದ ಮೇಲೆ ಅಡ್ಡ ಮಲಗಿಸು. ಮೂಲೇಲಿ ನಿಲ್ಸಬ್ಯಾಡ, ಕೆಳಗಿನ ತೋಳಿನ ಮೇಲೆ ಭಾರ ಬೀಳ್ತದೆ. ಬಿಸಿಲು ತಾಗಬಾರದು, ತೇವಾನೂ ತಾಗಬಾರದು. ತಿಂಗ್ಳಿಗೊಂದ್ಸಲ ಹೋಗಿ ಮೈ ಮುಟ್ಟಿ ನೋಡು."

"ರಜೆಯಲ್ಲೂನಾ ಅಪ್ಪಾಜಿ?"

"ರಜ ನಿಂಗಮ್ಮ. ಅದಕ್ಕಲ್ಲ."

ಆ ವರ್ಷದ ಪಂದ್ಯಗಳು ಮುಗಿದ ಮೇಲೆ ಅವರು ಹೇಳಿದಂತೆ ಹೆದೆ ಇಳಿಸಿದೆ. ಇಡಲು ಜಾಗವಿರಲಿಲ್ಲ. ನಮ್ಮ ಕ್ರೀಡಾ ಸಾಮಗ್ರಿಯ ಕೋಣೆಗೆ ತಗಡಿನ ಸೂರು. ಏಪ್ರಿಲಿನಲ್ಲಿ ಒಳಗೆ ಕಾಲಿಟ್ಟರೆ ಮುಖಕ್ಕೆ ಒಲೆಯ ಝಳ ಹೊಡೆದಂತಾಗುತ್ತಿತ್ತು. ಅಂಟಿನಿಂದ ಕೂಡಿಸಿದ ಬಿಲ್ಲಿಗೆ ಆ ಶಾಖ ಆಗುವುದಿಲ್ಲ. ಅಟೆಂಡರ್ ರಂಗಣ್ಣ, ಒಳ್ಳೆಯ ಮನುಷ್ಯ, ತಾನೇ ಮುಂದೆ ಬಂದ.

"ನಮ್ಮನೆ ಅಟ್ಟದ ಮೇಲೆ ಇಡಾನ ಬುಡಿ ಟೀಚರಮ್ಮ. ವರ್ಷಗಟ್ಲೆ ಕೊಬ್ಬರಿ ಮಡಗಿದ್ರೂ ಒಂದು ಕಾಯಿ ಕೆಡಾಕಿಲ್ಲ. ಇದೊಂದು ಕೋಲು ಕೆಡ್ತದಾ?"

ನನಗೂ ಸರಿ ಅನ್ನಿಸಿತು. ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹಾಕಿ, ಒಳಗಿನ ನೀರೆಲ್ಲ ಆರಿ ಉಂಡೆ ಕೊಬ್ಬರಿಯಾಗುವವರೆಗೆ ಕಾಯುವ ನಾಡು ನಮ್ಮದು. ಕೊಬ್ಬರಿಗೆ ಒಳ್ಳೆಯದಾದದ್ದು ಎಲ್ಲದಕ್ಕೂ ಒಳ್ಳೆಯದೆಂಬ ನಂಬಿಕೆ ನಮ್ಮ ರಕ್ತದಲ್ಲೇ ಇದೆ. ತಿಂಗಳು ಕಳೆದು ನೋಡಲು ಹೋದೆ. ಹೆದೆ ಎರಡು ಕಡೆ ತುಂಡಾಗಿತ್ತು. ಚರ್ಮದ ಹಿಡಿಯೊಳಗಿಂದ ಕೆಂಪಿರುವೆಗಳು ಸಾಲುಸಾಲಾಗಿ ಹೊರಬರುತ್ತಿದ್ದವು. ಮೂಸಿ ನೋಡಿದೆ.

"ರಂಗಣ್ಣ, ಇದಕ್ಕೆ ಏನು ಹಚ್ಚಿದೆ?"

"ಕೊಬ್ರಿ ಎಣ್ಣೆ ಕಣ್ರೀ. ಮೇಣ ತಿಪಟೂರಿಗೇ ಹೋಗಿ ತರ್ಬೇಕು. ಎಣ್ಣೆ ಮನೇದು. ನಮ್ಮೆಂಗಸ್ರು ತಲೆಗೆ ಹಚ್ಕಳಾದೂ ಅದೇಯ. ಕೂದ್ಲೇ ಉದುರಾಕಿಲ್ಲ, ಇನ್ನು ಹುರಿ ಹೆಂಗೆ ಕೆಡ್ತದೆ?"

ಎಣ್ಣೆ ಮೇಣವನ್ನು ಕರಗಿಸಿ ತೆಗೆದಿತ್ತು. ವಾಸನೆ ಇಲಿಗಳನ್ನು ಕರೆದಿತ್ತು. ಹೆದೆ ಹೋದರೆ ಹೋಗಲಿ, ಬೇರೆ ಕಟ್ಟಬಹುದು. ತೋಳುಗಳಿಗೆ ಹಲ್ಲು ತಾಗಿರಲಿಲ್ಲ, ಅದೇ ಪುಣ್ಯ. ರಂಗಣ್ಣನ ಮುಖ ಸಣ್ಣದಾಯಿತು. ಹಿಡಿಯ ಚರ್ಮ ಬಿಚ್ಚಿ, ಇಬ್ಬರೂ ಕೂತು ಒಣಬಟ್ಟೆಯಿಂದ ಎಣ್ಣೆ ತೆಗೆದೆವು. ಬಿಲ್ಲನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಮನೆಗೆ ತಂದೆ. ಮಲಗುವ ಕೋಣೆಯ ಒಳಗೋಡೆಗೆ ಎರಡು ಗೂಟ ಹೊಡೆದು, ಗೂಟಗಳಿಗೆ ಹಳೆಯ ಸೀರೆಯ ಬಟ್ಟೆ ಸುತ್ತಿ ಮಲಗಿಸಿದೆ.

ನನ್ನ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಮನೇಲಿ ಬಿಲ್ಲು ಮಡಿಕ್ಕೊಂಡು ಯಾರ ಮೇಲೆ ದಂಡೆತ್ತಿ ಹೊಂಟೆ ಕಣೇ?" ಎಂದರು. ಆದರೆ ನಾನು ತರಬೇತಿಗೆಂದು ಊರಲ್ಲಿಲ್ಲದ ದಿನಗಳಲ್ಲಿ ಕಿಟಕಿಯಿಂದ ಬಿಸಿಲು ಒಳಬಂದರೆ ಪರದೆ ಎಳೆಯುತ್ತಿದ್ದವರೂ ಅವರೇ.

ಬಿಲ್ಲು ಕೆಲವು ಬೇಸಿಗೆಗಳನ್ನು ಹೀಗೆ ನಮ್ಮ ಮನೆಯಲ್ಲಿ ಸುಖವಾಗಿ ಕಳೆಯಿತು. ಅಷ್ಟರಲ್ಲಿ ಶಿವಣ್ಣನವರು ಹೆಡ್‌ಮಾಸ್ಟರಾಗಿ ಬಂದರು. ಅವರ ಬಗ್ಗೆ ನ್ಯಾಯವಾಗಿ ಹೇಳಬೇಕು. ಹೆಣ್ಣುಮಕ್ಕಳಿಗೆ ಬಾಗಿಲಿರುವ ಶೌಚಾಲಯ ಕಟ್ಟಿಸಿದವರು ಅವರು. ಮೈದಾನದ ಜಾಲಿ ಗಿಡ ಕೀಳಿಸಿದವರೂ ಅವರೇ. ಆದರೆ ಇದ್ದದ್ದನ್ನು ನಾಲ್ಕು ಜನಕ್ಕೆ ತೋರಿಸುವ ಆಸೆ ಅವರಿಗೆ ಬಹಳ.

"ಏನ್ರೀ ಗಿರಿಜಮ್ಮ, ಶಾಲೆ ವಸ್ತು ನಿಮ್ಮ ಮನೇಲಿ ಯಾಕಿರಬೇಕು? ನಾಳೆ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?"

ಆ ಪ್ರಶ್ನೆ ಸರಿಯಾಗಿಯೇ ಇತ್ತು. ತಂದು ಒಪ್ಪಿಸಿದೆ. ಅವರು ಅದನ್ನು ತಮ್ಮ ಕುರ್ಚಿಯ ಹಿಂದಿನ ಗೋಡೆಗೆ ಹಾಕಿಸಿದರು. ಹೆದೆ ಏರಿಸಿ ಹಾಕಿಸಿದರು.

"ಸಾರ್, ಹೆದೆ ಇಳಿಸಿ ಇಡಬೇಕು. ಎದುರಿಗೆ ಪಡುವಣ ಕಿಟಕಿ ಬೇರೆ ಇದೆ."

"ಹೆದೆ ಇಲ್ದಿದ್ರೆ ಅದು ಬಿಲ್ಲು ಅಂತ ಯಾರಿಗ್ರೀ ಗೊತ್ತಾಗ್ತದೆ? ದೊಣ್ಣೆ ಅನ್ಕೋತಾರೆ."

ರಜೆಯಲ್ಲಿ ಅವರ ಕೋಣೆಗೆ ಬೀಗ. ಕೀಲಿ ಅವರ ಜೊತೆ ಅವರ ಊರಿನಲ್ಲಿ. ಜೂನಿನಲ್ಲಿ ಬಾಗಿಲು ತೆರೆದಾಗ ನಾನು ಮೊದಲು ಮಾಡಿದ್ದು ಬಿಲ್ಲನ್ನು ಕೆಳಗಿಳಿಸಿ ಉದ್ದಕ್ಕೆ ಹಿಡಿದು ನೋಡಿದ್ದು. ಒಂದು ಕಣ್ಣು ಮುಚ್ಚಿ ನೋಡಿದರೆ ಹೆದೆ ಎರಡು ತೋಳುಗಳ ನಟ್ಟನಡುವೆ ಹಾದುಹೋಗಬೇಕು. ಕೆಳಗಿನ ತೋಳಿನಲ್ಲಿ ಅದು ಅಂಚಿಗೆ ಸರಿದಿತ್ತು. ತೋಳು ತಿರುಚಿಕೊಂಡಿತ್ತು. ನನಗೆ ಕಣ್ಣಲ್ಲಿ ನೀರು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಬಿಲ್ಲನ್ನು ಶಿವಣ್ಣನವರ ಮೇಜಿನ ಮೇಲಿಟ್ಟು ತೋರಿಸಿದೆ. ಅವರು ತಾವೂ ಒಂದು ಕಣ್ಣು ಮುಚ್ಚಿ ನೋಡಿದರು. "ರಿಪೇರಿ ಆಗ್ತದಾ?" ಎಂದಷ್ಟೇ ಕೇಳಿದರು.

ನಂಜಪ್ಪನವರಿಗೆ ಫೋನು ಮಾಡಿದೆ. ಆ ವಯಸ್ಸಿನಲ್ಲಿ ಬಸ್ಸು ಬದಲಿಸಿಕೊಂಡು ಬಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಶಾಲೆಯ ಜಗಲಿಯಲ್ಲಿ ಕುಳಿತು ಕೆಲಸ ಹೇಳಿಕೊಟ್ಟರು: ಟವೆಲ್ಲನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ತೋಳಿಗೆ ಸುತ್ತುವುದು, ಬಿಸಿ ಒಳಗಿಳಿದ ಮೇಲೆ ತಿರುಚಿದ ದಿಕ್ಕಿಗೆ ಎದುರಾಗಿ ಮೆಲ್ಲಗೆ ತಿರುಗಿಸಿ ಹಿಡಿಯುವುದು, ಪೂರ್ತಿ ತಣ್ಣಗಾಗುವವರೆಗೆ ಬಿಡದಿರುವುದು. ದಿನವೂ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಇದೇ ಕೆಲಸ. ಮಳೆಗಾಲದ ಮೋಡ ದಟ್ಟವಾಗುವ ಹೊತ್ತಿಗೆ ಹೆದೆ ಮತ್ತೆ ನಡುವಿಗೆ ಬಂತು. ಶಿವಣ್ಣನವರು ಯಾರಿಗೂ ಹೇಳದೆ ತಿಪಟೂರಿನಿಂದ ಬಡಗಿಯೊಬ್ಬನನ್ನು ಕರೆಸಿ ಸ್ಟಾಫ್ ರೂಮಿನ ತಂಪಾದ ಗೋಡೆಗೆ ಬಿಲ್ಲಿನಷ್ಟೇ ಉದ್ದದ ಮರದ ಬೀರು ಮಾಡಿಸಿದರು. ಬಾಗಿಲಿಗೆ ಗಾಳಿಯಾಡಲು ತೂತುಗಳಿದ್ದವು. ಕೀಲಿಯನ್ನು ನನ್ನ ಕೈಗೇ ಕೊಟ್ಟರು.

ಆ ವರ್ಷವೇ ರಂಜಿತಾ ಎಂಟನೇ ತರಗತಿಗೆ ಸೇರಿದ್ದು. ಹುಳಿಯಾರು ಕಡೆಯ ಹಟ್ಟಿಯೊಂದರ ಹುಡುಗಿ. ಮನೆಯಲ್ಲಿ ಕುರಿ, ಮೇಕೆ. ಮರಿಗಳನ್ನು ಎರಡು ಕಂಕುಳಲ್ಲಿ ಹೊತ್ತು ಗುಡ್ಡ ಹತ್ತಿ ಇಳಿದ ತೋಳುಗಳು ಅವಳವು. ಬಿಲ್ಲು ಕಲಿಯಬೇಕು ಎಂದು ಬಂದಳು. ನಾನು ಬಟ್ಟೆಯನ್ನೂ ಮೇಣದ ಗಟ್ಟಿಯನ್ನೂ ಕೈಗೆ ಕೊಟ್ಟೆ.

"ನಾನು ಬಿಲ್ ಹೊಡ್ಯಾಕ್ ಬಂದಿದ್ದು ಮಿಸ್, ಒರ್ಸಾಕಲ್ಲ."

"ಒರೆಸದ ಬಿಲ್ಲನ್ನ ನಾನು ಹೊಡೆಯೋಕೆ ಕೊಡಲ್ಲ."

ಮೂತಿ ಉಬ್ಬಿಸಿಕೊಂಡೇ ಒರೆಸಿದಳು. ಹೆದೆಯ ಮೇಲೆ ಮೇಣ ಉಜ್ಜಿ, ಅದು ಎಳೆಗಳ ಒಳಗಿಳಿಯುವಂತೆ ಬೆರಳಿನಿಂದ ತಿಕ್ಕಿ ಬಿಸಿ ಮಾಡುವುದನ್ನು ಕಲಿತಳು. ಹುಲ್ಲಿನ ಗುರಿಗಳನ್ನು ನೆಲಕ್ಕೆ ತಾಗದಂತೆ ಇಟ್ಟಿಗೆಗಳ ಮೇಲಿಟ್ಟು ಗೆದ್ದಲಿನಿಂದ ಉಳಿಸುವುದನ್ನು ಕಲಿತಳು. ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಆ ಬೇಟೆ ಬಿಲ್ಲು ಅವಳ ಕೈಗೆ ಹೇಳಿ ಮಾಡಿಸಿದಂತೆ ಕೂತಿತ್ತು. ಎಳೆದು ನಿಂತಳೆಂದರೆ ಮೈದಾನದ ಗಲಾಟೆ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಹಾಗೆ ಬಾಣ ಬಿಟ್ಟ ಇನ್ನೊಂದು ಮಗುವನ್ನು ನನ್ನ ಇಡೀ ಸೇವೆಯಲ್ಲಿ ಕಂಡಿಲ್ಲ.

ಆ ವರ್ಷದ ಶಾಲಾ ಕ್ರೀಡಾದಿನದಂದು ಉದ್ಘಾಟನೆಗೆ ಒಬ್ಬ ಗಣ್ಯರು ಬಂದಿದ್ದರು. ಬಿಲ್ಲಿನ ಪ್ರದರ್ಶನಕ್ಕೆಂದು ಹೆದೆ ಏರಿಸಿ ವೇದಿಕೆಯ ಪಕ್ಕದಲ್ಲಿ ಇಟ್ಟಿದ್ದೆವು. ನಾನು ಮೈದಾನದ ಆ ತುದಿಯಲ್ಲಿ ರಿಲೇ ಮಕ್ಕಳನ್ನು ನಿಲ್ಲಿಸುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಗಣ್ಯರ ಕೈಯಲ್ಲಿ ಬಿಲ್ಲಿತ್ತು. ಫೋಟೋಗ್ರಾಫರ್ "ಇನ್ನೊಂಚೂರು ಎಳೀರಿ ಸಾರ್" ಎನ್ನುತ್ತಿದ್ದ. ನಾನು "ಬಿಡಬೇಡಿ! ಮೆಲ್ಲಗೆ ವಾಪಸ್ ತನ್ನಿ!" ಎಂದು ಕೂಗುತ್ತ ಓಡಿದೆ. ಮೈಕಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅವರು ಬಾಣವಿಲ್ಲದೆ ಹೆದೆ ಬಿಟ್ಟುಬಿಟ್ಟರು. ಟಪ್ ಎಂದು ದೊಡ್ಡ ಸದ್ದಾಯಿತು. ಜನ ಚಪ್ಪಾಳೆ ತಟ್ಟಿದರು.

ಹೊಸಬರು ಇದನ್ನು ಚೆನ್ನಾಗಿ ನೆನಪಿಡಬೇಕು. ಬಾಣವಿದ್ದರೆ ಬಿಲ್ಲಿನ ಬಲವನ್ನು ಬಾಣ ಹೊತ್ತುಕೊಂಡು ಹೋಗುತ್ತದೆ. ಬಾಣವಿಲ್ಲದಿದ್ದರೆ ಆ ಏಟನ್ನೆಲ್ಲ ಬಿಲ್ಲೇ ನುಂಗಬೇಕು.

"ಏನಮ್ಮ, ಮುರೀತಾ? ನಾವೇನು ಅಷ್ಟು ಜೋರಾಗಿ ಎಳೀಲಿಲ್ವಲ್ಲ," ಎಂದರು ಗಣ್ಯರು, ನಗುತ್ತ.

ಮುರಿದಿರಲಿಲ್ಲ. ಅವತ್ತು ಸಂಜೆ ಬಟ್ಟೆಯಿಂದ ಒರೆಸಿ, ಅರಳೆ ಸವರಿ, ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡಿದೆ. ನಂಜಪ್ಪನವರಿಗೂ ಒಯ್ದು ತೋರಿಸಿದೆ. ಇಬ್ಬರಿಗೂ ಏನೂ ಕಾಣಲಿಲ್ಲ. ಮೊದಲು ಅರ್ಧ ಎಳೆದು, ಆಮೇಲೆ ಮುಕ್ಕಾಲು, ಆಮೇಲೆ ಪೂರ್ತಿ ಎಳೆದು ನಾನೇ ಪರೀಕ್ಷಿಸಿದ ನಂತರ ರಂಜಿತಾಳಿಗೆ ಕೊಟ್ಟೆ. ಆ ಸಾಲಿನಲ್ಲಿ ಅವಳು ಜಿಲ್ಲೆಗೆ ಮೊದಲು ಬಂದಳು. ಹಟ್ಟಿಯಿಂದ ಟೆಂಪೋ ತುಂಬ ಜನ ಬಂದು ನೋಡಿದರು. ಪಂದ್ಯಗಳು ಮುಗಿದವು. ಹೆದೆ ಇಳಿಸಿ ಬೀರುವಿನಲ್ಲಿಟ್ಟೆ.

ಮುಂದಿನ ಜೂನಿನಲ್ಲಿ ಅವಳು ಹತ್ತನೇ ತರಗತಿ. ಶಾಲೆ ತೆರೆದ ವಾರವೇ ನಾನು ಪ್ರತಿವರ್ಷ ಮಾಡುವಂತೆ ಬಿಲ್ಲಿನ ಮೈ ಮೇಲೆಲ್ಲ ಅರಳೆಯ ಉಂಡೆಯನ್ನು ಮೆಲ್ಲಗೆ ಸವರುತ್ತ ಹೋದೆ. ಕಣ್ಣಿಗೆ ಕಾಣದ ಸೀಳಿದ್ದರೂ ಅರಳೆಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮೇಲಿನ ತೋಳು ಹೆಚ್ಚು ಬಾಗುವ ಜಾಗದಲ್ಲಿ ಎಳೆ ಸಿಕ್ಕಿಕೊಂಡಿತು. ಮತ್ತೆ ಸವರಿದೆ. ಅಲ್ಲೇ ಸಿಕ್ಕಿಕೊಂಡಿತು. ಭೂತಗನ್ನಡಿ ಹಿಡಿದರೆ ಕೂದಲಿನಂಥ ಒಂದು ಗೀರು, ಅಡ್ಡಡ್ಡಕ್ಕೆ.

ಅದು ಮೇಲಿನ ಬಣ್ಣದ ಗೀರೋ, ಒಳಗಿನ ಮರದವರೆಗೆ ಇಳಿದ ಬಿರುಕೋ ಹೇಳುವವರು ನಮ್ಮ ಕಡೆ ಯಾರೂ ಇರಲಿಲ್ಲ. ನಂಜಪ್ಪನವರು ಕಣ್ಣಿನ ಪೊರೆ ಬಂದು ಮನೆಯಲ್ಲೇ ಇದ್ದರು. ತುಮಕೂರಿನ ಕ್ರೀಡಾ ಇಲಾಖೆಯವರನ್ನು ಕೇಳಿದೆ, ಅವರೂ ಕೈಚೆಲ್ಲಿದರು. ನಾನು ಬಿಲ್ಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಇನ್ನು ಇದನ್ನು ಯಾರೂ ಎಳೆಯುವಂತಿಲ್ಲ ಎಂದೆ.

ಜಿಲ್ಲೆಗೆ ಮೊದಲು ಬಂದವರಿಗೆ ಈ ಸಾಲಿನಲ್ಲಿ ಮುಂದಿನದು ವಿಭಾಗ ಮಟ್ಟದ ಆಯ್ಕೆ. ಅಲ್ಲಿ ಗೆದ್ದರೆ ರಾಜ್ಯ ತಂಡ, ಕ್ರೀಡಾ ಹಾಸ್ಟೆಲಿನಲ್ಲಿ ಓದು. ರಂಜಿತಾಳಿಗೆ ಓದು ಮುಂದುವರಿಸಲು ಬೇರೆ ದಾರಿ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಹೋದ ವರ್ಷ ಅದೇ ಬಿಲ್ಲಲ್ಲಿ ಹೊಡ್ದೆ. ಏನೂ ಆಗ್ಲಿಲ್ಲ ಮಿಸ್. ಇನ್ನೊಂದ್ಸಲ ಅಷ್ಟೇ. ಆಮೇಲೆ ನಾನೇ ಕೇಳಾಕಿಲ್ಲ."

"ಇಲ್ಲ ಕಣೇ."

ಅವರಪ್ಪ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ನನಗೆಂದು ಒಂದು ತಂಬಿಗೆ ಹಾಲು. "ಹಟ್ಟೀಲಿ ಎಲ್ರೂ ಕಾಯ್ತಾ ಅವ್ರೆ ಮೇಡಮ್ಮೋರೆ. ಒಂದ್ಸಲಕ್ಕೆ ಏನೂ ಆಗಾಕಿಲ್ಲ ಬುಡಿ."

"ಎಳೆದಾಗ ಹೆದೆ ಅವಳ ಗದ್ದಕ್ಕೆ ತಾಗಿ ನಿಲ್ಲುತ್ತೆ ಅಣ್ಣ. ಆ ಹೊತ್ತಿನಲ್ಲಿ ತೋಳು ಒಡೆದರೆ ಚೂರು ಎಲ್ಲಿಗೆ ಬರುತ್ತೆ ಹೇಳಿ."

ಅವರು ತಂಬಿಗೆಯನ್ನು ಅಲ್ಲೇ ಬಿಟ್ಟು ಹೋದರು. ಕೊನೆಗೆ ಶಿವಣ್ಣನವರೇ ಕರೆಸಿದರು. ಅವರಿಗೆ ಆ ಹುಡುಗಿಯ ಮೇಲೆ ನಿಜವಾದ ಅಕ್ಕರೆ.

"ಜವಾಬ್ದಾರಿ ನಂದು ಗಿರಿಜಮ್ಮ. ಬರೆದುಕೊಡ್ತೀನಿ, ಸಹಿ ಹಾಕ್ತೀನಿ. ಕೀಲಿ ಕೊಡಿ."

"ಕಣ್ಣು ಹೋದರೆ ನಿಮ್ಮ ಸಹಿ ಕಣ್ಣು ತಂದುಕೊಡುತ್ತಾ ಸಾರ್? ಕೀಲಿ ಬೇಕಾದರೆ ನನ್ನನ್ನು ವರ್ಗ ಮಾಡಿಸಿ, ಬಂದವರ ಹತ್ತಿರ ಇಸ್ಕೊಳ್ಳಿ."

ಅಷ್ಟು ಗಟ್ಟಿಯಾಗಿ ಮೇಲಿನವರ ಜೊತೆ ನಾನು ಅದಕ್ಕೆ ಮೊದಲು ಎಂದೂ ಮಾತಾಡಿದವಳಲ್ಲ. ಹೊರಬಂದಾಗ ಕೀಲಿ ಸೆರಗಿನ ಗಂಟಿನಲ್ಲೇ ಇತ್ತು.

ರಂಜಿತಾ ಬಿದಿರಿನ ಬಿಲ್ಲಿನಲ್ಲಿ ಹೊಡೆದಳು. ಚೆನ್ನಾಗಿಯೇ ಹೊಡೆದಳು. ಕೊನೆಯ ಸುತ್ತಿನವರೆಗೂ ಆಸೆಯಿತ್ತು. ಸ್ವಲ್ಪದರಲ್ಲಿ ಆಯ್ಕೆ ತಪ್ಪಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿಕೊಂಡು ಕುಳಿತಿದ್ದವಳು ಹುಳಿಯಾರಿನಲ್ಲಿ ಇಳಿಯುವಾಗ ಒಂದೇ ಮಾತು ಹೇಳಿದಳು. "ನೀವೇ ಸೋಲ್ಸಿದ್ರಿ ಮಿಸ್." ಆಮೇಲೆ ಅವಳು ಮೈದಾನಕ್ಕೆ ಬರಲಿಲ್ಲ. ತರಗತಿಯಲ್ಲಿ ಕಂಡರೆ ತಲೆ ತಗ್ಗಿಸುತ್ತಿದ್ದಳು. ಹತ್ತನೇ ತರಗತಿ ಪಾಸಾಗಿ ಹಟ್ಟಿಗೆ ಹೋದಳು. ಮುಂದೆ ಓದಲಿಲ್ಲ ಎಂದು ಯಾರೋ ಹೇಳಿದರು. ಆ ಸುದ್ದಿ ಕೇಳಿದ ದಿನ ನಾನು ಮನೆಯಲ್ಲಿ ಅಡುಗೆ ಮಾಡಲಿಲ್ಲ. ಅತ್ತೆಯೇ ಒಲೆ ಹಚ್ಚಿದರು.

ಕಾಲ ಬದಲಾಯಿತು. ಗಾಲಿ ಬಿಲ್ಲುಗಳು ಬಂದವು. ಎರಡು ತುದಿಯಲ್ಲೂ ರಾಟೆಯಂಥ ಗಾಲಿಗಳು, ನಡುವೆ ಹಲವು ತಂತಿಗಳು. ಬೇಟೆಗೆ ಅನುಮತಿಯಿರುವ ದೇಶಗಳಲ್ಲಿ ಈಗ ಇದೇ ಹೆಚ್ಚಂತೆ. ನನ್ನ ಹತ್ತಿರ ಕೆಲಸ ಕಲಿತ ಪ್ರದೀಪ ಎಂಬ ಹೊಸ ಶಿಕ್ಷಕ ತನ್ನ ಶಾಲೆಗೆ ಒಂದನ್ನು ತರಿಸಿದ. ರಜೆ ಶುರುವಾದ ಮೇಲೆ ಫೋನು ಬಂತು.

"ಮೇಡಂ, ಹೆದೆ ಇಳಿಸೋಕೆ ಹೋದೆ. ಗಾಲಿ ಹಾರಿಹೋಯ್ತು. ಹೆಬ್ಬೆರಳು ಊದ್ಕೊಂಡೈತೆ."

"ಅದರ ಹೆದೆ ಯಾಕಪ್ಪ ಇಳಿಸೋಕೆ ಹೋದೆ?"

"ರಜೆಗೆ ಹೆದೆ ಇಳಿಸಬೇಕು ಅಂತ ನೀವೇ ಅಲ್ವಾ ಹೇಳಿಕೊಟ್ಟಿದ್ದು?"

ಮೊದಲು ನಗು ಬಂತು. ಆಮೇಲೆ ಯೋಚನೆಗೆ ಬಿದ್ದೆ. ಗಾಲಿ ಬಿಲ್ಲಿನ ಹೆದೆಯನ್ನು ರಜೆಗೆಂದು ಇಳಿಸುವುದಿಲ್ಲ. ಅದನ್ನು ಬಿಚ್ಚಲು ಬೇರೆಯದೇ ಒತ್ತುಯಂತ್ರ ಬೇಕು. ಅದಕ್ಕೆ ಬೇಕಾದ ಆರೈಕೆ ಮೇಣ, ತಂಪು ಜಾಗ, ತಂತಿ ಸವೆದಿದೆಯೇ ಎಂದು ನೋಡುವ ಕಣ್ಣು. ನಾನು ಹುಡುಗನಿಗೆ ನಿಯಮ ಕೊಟ್ಟಿದ್ದೆ, ಅದರ ಕಾರಣ ಕೊಟ್ಟಿರಲಿಲ್ಲ. ಅಂದಿನಿಂದ ಯಾರಿಗೇ ಏನು ಹೇಳಿಕೊಟ್ಟರೂ ಯಾಕೆ ಎನ್ನುವುದನ್ನು ಮೊದಲು ಹೇಳುತ್ತಿದ್ದೆ.

ನಾನು ನಿವೃತ್ತಳಾಗುವ ಹೊತ್ತಿಗೆ ನಂಜಪ್ಪನವರು ತೀರಿಕೊಂಡಿದ್ದರು. ಶಿವಣ್ಣನವರು ವರ್ಗವಾಗಿ ಎಷ್ಟೋ ಕಾಲವಾಗಿತ್ತು. ಹಳೆಯ ಬಿಲ್ಲು ಬೀರುವಿನಲ್ಲೇ ಇತ್ತು. "ಎಳೆಯಬಾರದು" ಎಂದು ಚೀಟಿ ಅಂಟಿಸಿದ್ದೆ. ಬೀಳ್ಕೊಡುಗೆಯ ಹಿಂದಿನ ದಿನ, ನನ್ನ ಜಾಗಕ್ಕೆ ಬರುವವರಿಗೆಂದು ಕೀಲಿಯನ್ನು ಆಫೀಸಿನಲ್ಲಿ ಕೊಟ್ಟೆ. ಬೆಳಿಗ್ಗೆ ಬಂದು ನೋಡುತ್ತೇನೆ: ವೇದಿಕೆಯ ಮೇಲೆ ಬಿಲ್ಲು. ಹೆದೆ ಏರಿಸಿದ್ದಾರೆ, ಸೇವಂತಿಗೆ ಹಾರ ಸುತ್ತಿದ್ದಾರೆ. ನಾನು ಅದನ್ನು ಎಳೆದು ನಿಂತಂತೆ ಫೋಟೋ ತೆಗೆಸುವ ಆಸೆ ಅವರಿಗೆ. ಪ್ರೀತಿಯಿಂದ ಮಾಡಿದ್ದು. ಕೆಳಗೆ ಇಬ್ಬರು ಹುಡುಗಿಯರು ನಾನು ಮೊದಲು, ನೀನು ಆಮೇಲೆ ಎಂದು ಜಗಳವಾಡುತ್ತಿದ್ದರು. ಒಬ್ಬಳ ಬೆರಳು ಆಗಲೇ ಹೆದೆಯ ಮೇಲಿತ್ತು.

"ಕೈ ತೆಗಿ!" ಎಂದು ನಾನು ಕೂಗಿದ ರಭಸಕ್ಕೆ ಶಾಮಿಯಾನ ಕಟ್ಟುತ್ತಿದ್ದವರೂ ತಿರುಗಿ ನೋಡಿದರು.

ಹಾರ ತೆಗೆದೆ. ಹೆದೆ ಇಳಿಸಿದೆ. ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿ, ಈ ಬಿಲ್ಲನ್ನು ಇವತ್ತೇ ತುಂಡು ಮಾಡಬೇಕು, ಅಪ್ಪಣೆ ಕೊಡಿ ಎಂದೆ. ಚೀಟಿ ಉದುರಿ ಹೋಗುತ್ತದೆ. ಗೊತ್ತಿದ್ದವರು ನಿವೃತ್ತರಾಗುತ್ತಾರೆ. ಕೀಲಿ ಯಾರದೋ ಕೈಗೆ ಸಿಗುತ್ತದೆ. ನೋಡಲು ಚೆಂದವಾಗಿರುವ ಬಿಲ್ಲನ್ನು ಒಂದಲ್ಲ ಒಂದು ದಿನ ಯಾವುದೋ ಮಗು ಎಳೆದೇ ಎಳೆಯುತ್ತದೆ. ಆಕೆ "ದಾನ ಬಂದ ವಸ್ತು ಕಣ್ರೀ ಮೇಡಂ, ಮನಸ್ಸು ಬರಲ್ಲ," ಎಂದರು. ಆಮೇಲೆ, "ನೀವು ಹೇಳೋದು ಸರಿ. ಕಾಗದಪತ್ರ ನಾನು ನೋಡ್ಕೋತೀನಿ," ಎಂದರು.

ಗರಗಸ ತಂದು ಜಗಲಿಯಲ್ಲಿ ಕುಳಿತೆ. ಎದುರಿಗೆ ಯಾರೋ ಬಂದು ನಿಂತರು. ತಲೆಯೆತ್ತಿದರೆ ರಂಜಿತಾ. ಮೈ ತುಂಬಿಕೊಂಡಿದ್ದಳು. ಹುಳಿಯಾರಿನ ಹತ್ತಿರ ತೆಂಗಿನ ಸಸಿಗಳ ನರ್ಸರಿ ನಡೆಸುತ್ತಿದ್ದಾಳೆಂದು ಕೇಳಿದ್ದೆ. ಬೀಳ್ಕೊಡುಗೆಗೆ ಬರುತ್ತಾಳೆಂದು ನಾನು ಎಣಿಸಿರಲಿಲ್ಲ.

"ಕುಯ್ದಾಕ್ತೀರಾ ಮಿಸ್?"

"ಹೂಂ."

ಅವಳು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ಮೇಲಿನ ತೋಳಿನ ಮೇಲೆ ಬೆರಳಾಡಿಸಿ ಆ ಗೀರನ್ನು ಹುಡುಕಿದಳು. ಅರಳೆಯೇ ಬೇಕಾಗಲಿಲ್ಲ. "ಇಲ್ಲೇ ಕುಯ್ಯಿರಿ. ನಾನು ನೋಡ್ಬೇಕು," ಎಂದಳು.

ಬಿಲ್ಲಿನ ಒಂದು ತುದಿಯನ್ನು ಅವಳು ಹಿಡಿದಳು. ಗೀರಿನ ಪಕ್ಕದಲ್ಲೇ ಗರಗಸ ಇಟ್ಟು ಕುಯ್ದೆ. ಗಾಜಿನ ನಾರು ಗಟ್ಟಿ, ಹಲ್ಲು ಜಾರುತ್ತಿತ್ತು. ತುಂಡಾದ ಮೇಲೆ ಇಬ್ಬರೂ ಅದನ್ನು ಬೆಳಕಿಗೆ ಹಿಡಿದು ನೋಡಿದೆವು. ಗೀರು ಮೇಲಿನ ಹೊದಿಕೆಯಲ್ಲಷ್ಟೇ ಇತ್ತು. ಅದರ ಕೆಳಗೆ ಮರ ಜೇನಿನ ಬಣ್ಣಕ್ಕೆ, ಅಂಟು ಬಿಡದೆ, ಹಾಗೇ ಕೂಡಿಕೊಂಡಿತ್ತು.

ಅವಳಿಗೆ ಸುಳ್ಳು ಹೇಳುವಂತಿರಲಿಲ್ಲ.

"ತಡೀತಿತ್ತೇನೋ ರಂಜಿತಾ. ಆ ಒಂದು ಪಂದ್ಯಕ್ಕೆ ತಡೀತಿತ್ತು ಅಂತಲೇ ಕಾಣುತ್ತೆ."

ಅವಳು ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಶಾಮಿಯಾನದ ಕಡೆ ಮೈಕು ಪರೀಕ್ಷಿಸುತ್ತಿದ್ದರು.

"ಅವತ್ತು ಇದ್ರ ಒಳಗಡೆ ಕಾಣ್ತಿರ್ಲಿಲ್ವಲ್ಲ ಮಿಸ್," ಎಂದಳು.

"ಇಲ್ಲ."

"ನಾಳೆ ಇಂಥದೇ ಗೀರು ಬಂದ್ರೆ?"

"ಆಗಲೂ ಕೊಡಲ್ಲ ಕಣೇ. ನಿನಗೂ ಕೊಡಲ್ಲ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಿಲ್ಲಿನ ಕೆಳಗಿನ ತೋಳು ಇನ್ನೂ ಇಡಿಯಾಗಿ ಉಳಿದಿತ್ತು. "ಇದನ್ನ ಯಾರಾದ್ರೂ ಗಂಟು ಹಾಕಿ ಜೋಡಿಸ್ಬುಟ್ರೆ? ಗರಗಸ ಇತ್ಲಾಗ್ ಕೊಡಿ," ಎಂದಳು. ತುದಿಯನ್ನು ಕಾಲಿನಡಿ ಮೆಟ್ಟಿಕೊಂಡು, ಹಲ್ಲು ಜಾರಿದಷ್ಟು ಸಲವೂ ಮತ್ತೆ ಅದೇ ಗೆರೆಗೆ ತಂದಿಟ್ಟು, ಅದು ಎರಡಾಗಿ ಬೀಳುವವರೆಗೂ ನಿಲ್ಲಿಸದೆ ಕುಯ್ದಳು.